ಆ ಎರಡು ಎಲೆಕ್ಟ್ರಾನ್ ಎಲ್ಲಿವೆ ಅಂತ ಮೊದಲು ಹೇಳಿ

ನಮಸ್ಕಾರ.

ಸಾರಜನಕ ಇರುವ ಆರೊಮ್ಯಾಟಿಕ್ (ಎಲೆಕ್ಟ್ರಾನ್ ಹಂಚಿಕೊಂಡು ಸ್ಥಿರವಾಗಿರುವ) ಉಂಗುರಗಳ ಮೇಲೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ 'ಆಗಲ್ಲ' ಅಂತ ಒಂದು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ, ಯಾಕೆಂದರೆ ಮೂರನೇ ಪುಟದಲ್ಲಿ ನೀವು ಬರೆದ ಪೈನ್ ಚಕ್ಕೆಯ ಪ್ಯಾರಾ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಚಕ್ಕೆಯನ್ನು ಪಿರೋಲ್ (ನಾಲ್ಕು ಇಂಗಾಲ, ಒಂದು ಸಾರಜನಕದ ಉಂಗುರ) ಆವಿಗೆ ಹಿಡಿದರೆ ಅದು ಕೆಂಪಗಾಗುತ್ತದೆ, 1834ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ರುಂಗೆ ಕಲ್ಲಿದ್ದಲ ಟಾರಿನಲ್ಲಿ ಪಿರೋಲನ್ನು ಗುರುತಿಸಿದ್ದು ಈ ಬಣ್ಣದಿಂದಲೇ, 'ಪಿರೋಲ್' ಅನ್ನುವ ಹೆಸರೂ ಬೆಂಕಿಯಂಥ ಕೆಂಪು ಅನ್ನುವ ಗ್ರೀಕ್ ಪದದಿಂದ ಬಂದಿದೆ. ಇದು ಮೂರನೇ ಪುಟದಲ್ಲಿ ಯಾಕೆ ಅಡಗಿ ಕೂತಿದೆ? ಮೊದಲ ಸಾಲಿಗೆ ತನ್ನಿ. ಈಗ ಮೊದಲ ಪುಟದಲ್ಲಿರುವ ವ್ಯಾಖ್ಯೆಗಳನ್ನೆಲ್ಲ ತೆಗೆದುಬಿಡಿ, ಯಾರೂ ಅಳುವುದಿಲ್ಲ.

ಈಗ ದೊಡ್ಡ ತಪ್ಪಿಗೆ ಬರುತ್ತೇನೆ. 'ಸಾರಜನಕ ಇರುವುದರಿಂದ ಈ ಸಂಯುಕ್ತಗಳೆಲ್ಲ ಪ್ರತ್ಯಾಮ್ಲಗಳು' ಅಂತ ಬರೆದಿದ್ದೀರಿ. ಪ್ರತ್ಯಾಮ್ಲ ಅಂದರೆ ಪ್ರೋಟಾನ್ ಹಿಡಿದುಕೊಳ್ಳುವ ವಸ್ತು. ಆರು ಮೂಲೆಯ ಉಂಗುರವಾದ ಪಿರಿಡೀನಿಗೆ ಇದು ಸರಿ, ಪಿರೋಲಿಗೆ ಪೂರ್ತಿ ತಪ್ಪು. ಲೇಖನದ ಉಳಿದ ತೊಡಕೆಲ್ಲ ಈ ಒಂದು ವಾಕ್ಯದಿಂದಲೇ ಹುಟ್ಟಿದೆ ಅಂತ ನನಗೆ ಅನಿಸುತ್ತದೆ.

ಸ್ವಲ್ಪ ನಿಧಾನವಾಗಿ ನೋಡೋಣ. ಈ ಎರಡೂ ಉಂಗುರಗಳು ಆರೊಮ್ಯಾಟಿಕ್ ಆಗಲು ಆರು ಪೈ ಎಲೆಕ್ಟ್ರಾನ್ (ಇಡೀ ಉಂಗುರ ಹಂಚಿಕೊಳ್ಳುವ ಎಲೆಕ್ಟ್ರಾನ್) ಬೇಕು. ಪಿರಿಡೀನಿನಲ್ಲಿ ಐದು ಇಂಗಾಲ ಒಂದೊಂದು ಕೊಡುತ್ತವೆ, ಸಾರಜನಕವೂ ಒಂದು ಕೊಡುತ್ತದೆ, ಅಲ್ಲಿಗೆ ಆರು ಆಯಿತು. ಸಾರಜನಕದ ಒಂಟಿ ಜೋಡಿ ಎಲೆಕ್ಟ್ರಾನ್ (ಬಂಧ ಕಟ್ಟದೆ ಉಳಿದ ಎರಡು) ಈ ಲೆಕ್ಕಕ್ಕೆ ಸೇರದೆ ಉಂಗುರದ ಹೊರಕ್ಕೆ ಮುಖ ಮಾಡಿಕೊಂಡು ಬಿಡುವಾಗಿರುತ್ತದೆ. ಪ್ರೋಟಾನ್ ಬಂದರೆ ಹಿಡಿದುಕೊಳ್ಳುತ್ತದೆ. ಪಿರೋಲಿನಲ್ಲಿ ಇಂಗಾಲ ಇರುವುದೇ ನಾಲ್ಕು. ಅವು ನಾಲ್ಕೇ ಕೊಡುತ್ತವೆ, ಹಾಗಾಗಿ ಉಳಿದ ಎರಡನ್ನು ಸಾರಜನಕ ತನ್ನ ಒಂಟಿ ಜೋಡಿಯಿಂದಲೇ ಹಾಕಬೇಕು. ಅದನ್ನು ಪ್ರೋಟಾನಿಗೆ ಕೊಟ್ಟರೆ ಉಂಗುರದ ಆರೊಮ್ಯಾಟಿಕ್ ಗುಣವೇ ಹೋಗುತ್ತದೆ, ಅದಕ್ಕೇ ಕೊಡಲ್ಲ. ಪ್ರೋಟಾನ್ ಸೇರಿದ ರೂಪದ ಪಿಕೆಎ (ಹೆಚ್ಚಿದ್ದಷ್ಟೂ ಪ್ರೋಟಾನನ್ನು ಬಿಗಿಯಾಗಿ ಹಿಡಿದಿದೆ ಅಂತ; ಒಂದು ಅಂಕೆಗೆ ಹತ್ತು ಪಟ್ಟು) ಪಿರಿಡೀನಿಗೆ ಸುಮಾರು 5.2, ಪಿರೋಲಿಗೆ ಸೊನ್ನೆಗಿಂತ ಕೆಳಗೆ, ಸುಮಾರು -3.8. ಎರಡರ ನಡುವೆ ನೂರು ಕೋಟಿ ಪಟ್ಟು ವ್ಯತ್ಯಾಸ! ಹೀಗಿರುವಾಗ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಲು ಆಗುತ್ತದಾ? ಬಲವಾದ ಆಮ್ಲದಲ್ಲಿ ಪಿರೋಲ್ ಪ್ರೋಟಾನ್ ತೆಗೆದುಕೊಂಡರೂ ಅದು ಕೂರುವುದು ಇಂಗಾಲದ ಮೇಲೆ, ಆಮೇಲೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ರಾಳದಂಥ ಮುದ್ದೆಯಾಗುತ್ತದೆ.

ಇದನ್ನು ಮೊದಲು ಹೇಳಿಬಿಟ್ಟರೆ, ನೀವು ಕೋಷ್ಟಕದಲ್ಲಿ ತುಂಬಿರುವ ಗುಣಗಳಿಗೆಲ್ಲ ಕಾರಣ ಸಿಗುತ್ತದೆ. ಪಿರಿಡೀನ್ ನೀರಿನಲ್ಲಿ ಎಷ್ಟು ಹಾಕಿದರೂ ಬೆರೆಯುತ್ತದೆ, ಪಿರೋಲ್ ಸ್ವಲ್ಪವೇ ಕರಗುತ್ತದೆ. ಯಾಕೆ? ಬಿಡುವಾಗಿರುವ ಜೋಡಿಗೆ ನೀರಿನ ಅಣು ಬಂದು ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ, ಪಿರೋಲಿನಲ್ಲಿ ಅಂಥ ಜೋಡಿ ಇಲ್ಲ. ಆದರೆ ಪಿರೋಲ್ ಚಿಕ್ಕ ಅಣುವಾಗಿದ್ದೂ 130 ಡಿಗ್ರಿಯ ಹತ್ತಿರ ಕುದಿಯುತ್ತದೆ, ಪಿರಿಡೀನ್ 115ಕ್ಕೇ ಕುದಿಯುತ್ತದೆ. ಅಲ್ಲಿ ಕೆಲಸ ಮಾಡುವುದು ಪಿರೋಲಿನ ಸಾರಜನಕಕ್ಕೆ ಅಂಟಿರುವ ಹೈಡ್ರೋಜನ್, ಅದು ಪಕ್ಕದ ಅಣುವನ್ನು ಹಿಡಿದುಕೊಳ್ಳುತ್ತದೆ. ಈ ಎರಡು ಸಂಖ್ಯೆಗಳು ನಿಮ್ಮ ಕೋಷ್ಟಕದಲ್ಲೇ ಇವೆ, ಪಕ್ಕಪಕ್ಕದಲ್ಲೇ ಇವೆ, ನೀವು ಒಂದು ಮಾತೂ ಆಡದೆ ಮುಂದೆ ಹೋಗಿದ್ದೀರಿ.

'ಪಿರಿಡೀನ್ ಸೋಮಾರಿ ಅಣು' ಅನ್ನುವ ಮಾತನ್ನೂ ತೆಗೆಯಿರಿ. ಬೆಂಜೀನಿನ ಜೊತೆ ಸಲೀಸಾಗಿ ನಡೆಯುವ ನೈಟ್ರೇಷನ್ (ನೈಟ್ರೋ ಗುಂಪು ಸೇರಿಸುವ ಕ್ರಿಯೆ) ಇದರ ಜೊತೆ 300 ಡಿಗ್ರಿಯ ಹತ್ತಿರ ಕಾಯಿಸಿದರೂ ಸರಿಯಾಗಿ ಆಗುವುದಿಲ್ಲ, ನಿಜ. ಆದರೆ ಎಲೆಕ್ಟ್ರಾನ್ ಕೇಳಿಕೊಂಡು ಬರುವವರಿಗೆ ಮಾತ್ರ ಅದು ಬಾಗಿಲು ಹಾಕಿಕೊಳ್ಳುವುದು. ಎಲೆಕ್ಟ್ರಾನ್ ಹಿಡಿದುಕೊಂಡು ಬರುವವರಿಗೆ ಎರಡನೇ ಸ್ಥಾನ, ಅಂದರೆ ಸಾರಜನಕದ ಪಕ್ಕದ ಇಂಗಾಲ, ತೆರೆದೇ ಇರುತ್ತದೆ. 1914ರಲ್ಲಿ ರಷ್ಯಾದ ರಸಾಯನಶಾಸ್ತ್ರಜ್ಞ ಚಿಚಿಬಾಬಿನ್ ಸೋಡಿಯಂ ಅಮೈಡ್ ಬಳಸಿ ಅಲ್ಲಿಗೆ ನೇರವಾಗಿ ಅಮೈನೋ ಗುಂಪನ್ನು ಕೂರಿಸಿದರು. ಬೆಂಜೀನಿನ ಹತ್ತಿರ ಈ ಕೆಲಸ ಹೀಗೆ ಆಗಲ್ಲ.

ತಯಾರಿಕೆಯ ಭಾಗ ನನಗೆ ಜಾಸ್ತಿ ಬೇಸರ ತಂದಿತು. ಒಂದೂವರೆ ಪುಟದಲ್ಲಿ ಎಂಟು ವಿಧಾನ, ಎಂಟು ಹೆಸರು, ಎಂಟು ಇಸವಿ. ಇದು ಪರೀಕ್ಷೆಯ ಹಿಂದಿನ ರಾತ್ರಿಯ ನೋಟ್ಸ್ ಥರ ಇದೆ. ಎರಡೇ ಇಟ್ಟುಕೊಳ್ಳಿ. ಪಾಲ್-ನಾರ್ ವಿಧಾನ ಇರಲಿ, ಅದು ಯಾರಿಗಾದರೂ ಅರ್ಥವಾಗುತ್ತದೆ. ನಾಲ್ಕು ಇಂಗಾಲದ ಸರಪಳಿಯ ಎರಡು ತುದಿಗೂ ಕಾರ್ಬೊನಿಲ್ (ಇಂಗಾಲ-ಆಮ್ಲಜನಕದ ಜೋಡಿಬಂಧ) ಇದೆ, ಅಮೋನಿಯಾ ಬಂದು ಎರಡು ತುದಿಯನ್ನೂ ಹಿಡಿಯುತ್ತದೆ, ನೀರು ಹೊರಗೆ ಹೋಗುತ್ತದೆ, ಪಿರೋಲ್ ಉಂಗುರ ಮುಚ್ಚಿಕೊಳ್ಳುತ್ತದೆ.

ಎರಡನೆಯದು ಫಿಷರ್ ಇಂಡೋಲ್ ವಿಧಾನ, 1883ರದ್ದು; ಇಂಡೋಲ್ ಅಂದರೆ ಬೆಂಜೀನಿಗೆ ಅಂಟಿದ ಪಿರೋಲ್ ಉಂಗುರ. ಇದಕ್ಕೆ ನೀವು ಎರಡು ಸಾಲು ಕೊಟ್ಟಿದ್ದೀರಿ, ನಾನಾಗಿದ್ದರೆ ಒಂದು ಪುಟ ಕೊಡುತ್ತಿದ್ದೆ. ಫಿನೈಲ್ ಹೈಡ್ರಜೀನಿನಲ್ಲಿ ಎರಡು ಸಾರಜನಕ ಕೈಹಿಡಿದುಕೊಂಡಿವೆ. ಅದನ್ನು ಕೀಟೋನ್ ಜೊತೆ ಸೇರಿಸಿ ಆಮ್ಲದಲ್ಲಿ ಕಾಯಿಸಿದರೆ ಸಿಗುವ ಇಂಡೋಲಿನಲ್ಲಿ ಒಂದೇ ಇದೆ. ಇನ್ನೊಂದು ಅಮೋನಿಯಾ ಆಗಿ ಹೋಯಿತು, ಸರಿ, ಆದರೆ ಹೋದದ್ದು ಯಾವುದು? ಎರಡೂ ಸಾರಜನಕವೇ, ನೋಡಿ ಹೇಳಲು ಬರುವುದಿಲ್ಲ. 1943ರಲ್ಲಿ ಭಾರದ ಸಾರಜನಕ-15 ಬಳಸಿ ಗುರುತು ಹಾಕಿ ನೋಡಿದಾಗ ಉತ್ತರ ಖಚಿತವಾಯಿತು. ಬೆಂಜೀನ್ ಉಂಗುರಕ್ಕೆ ಅಂಟಿಕೊಂಡಿದ್ದು ಉಳಿಯುತ್ತದೆ, ದೂರದ್ದು ಹೋಗುತ್ತದೆ. ಅಷ್ಟು ಹೊತ್ತಿಗೆ ಈ ಕ್ರಿಯೆ ಬಳಕೆಗೆ ಬಂದು 60 ವರ್ಷ ಆಗಿತ್ತು. ಓದುಗರು ಇಂಥದ್ದಕ್ಕೆ ಕಾಯುತ್ತಾರೆ.

ಕ್ವಿನೋಲೀನ್ (ಬೆಂಜೀನಿಗೆ ಅಂಟಿದ ಪಿರಿಡೀನ್ ಉಂಗುರ) ಮಾಡುವ ಸ್ಕ್ರೌಪ್ ವಿಧಾನದಲ್ಲಿ ಅನಿಲೀನ್, ಗ್ಲಿಸರಾಲ್, ಸಲ್ಫ್ಯೂರಿಕ್ ಆಮ್ಲ, ನೈಟ್ರೋಬೆಂಜೀನ್ ಎಲ್ಲ 'ಸೇರಿಸಿ ಕಾಯಿಸಿದರೆ ಸಾಕು, ಕ್ವಿನೋಲೀನ್ ರೆಡಿ' ಅಂತ ಬರೆದಿದ್ದೀರಲ್ಲ, ಅದು ಖಂಡಿತ ಬೇಡ. ಒಮ್ಮೆ ಶುರುವಾದರೆ ಉಕ್ಕಿ ಸಿಡಿಯುವಷ್ಟು ಜೋರಾಗಿ ನಡೆಯುವ ಕ್ರಿಯೆ ಅದು, ತಣ್ಣಗಿಡಲು ಫೆರಸ್ ಸಲ್ಫೇಟ್ ಹಾಕುತ್ತಾರೆ. ಇದನ್ನು ಹೇಳದೆ ಬಿಡುವುದು ಓದುಗರಿಗೆ ಮಾಡುವ ಅನ್ಯಾಯ.

ಕೊನೆಯ ಪುಟದಲ್ಲಿ 'ಇವು ಜೀವಕ್ಕೆ ಬಹಳ ಮುಖ್ಯ' ಅಂತ ಇದೆ. ಆ ಜಾಗದಲ್ಲಿ ಇಮಿಡಜೋಲ್ ಬಗ್ಗೆ ಬರೆಯಿರಿ. ಅದರ ಒಂದೇ ಉಂಗುರದಲ್ಲಿ ಎರಡು ಸಾರಜನಕ, ಒಂದು ಪಿರೋಲಿನ ಥರದ್ದು, ಇನ್ನೊಂದು ಪಿರಿಡೀನಿನ ಥರದ್ದು. ಪಿಕೆಎ 7ರ ಹತ್ತಿರ. ನಮ್ಮ ದೇಹದ ಎಷ್ಟೋ ಕಿಣ್ವಗಳಲ್ಲಿ ಹಿಸ್ಟಿಡೀನ್ ಅನ್ನುವ ಅಮೈನೋ ಆಮ್ಲ ಈ ಉಂಗುರದಿಂದಲೇ ಪ್ರೋಟಾನನ್ನು ಹಿಡಿಯುವುದು, ಬಿಡುವುದು ಎರಡನ್ನೂ ಮಾಡುತ್ತದೆ. ನೀವು ಮೊದಲು ಹೇಳಿದ ಎಲೆಕ್ಟ್ರಾನ್ ಲೆಕ್ಕ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಪಿರಿಡೀನ್, ಪಿರೋಲ್ ಎರಡರದ್ದೂ ಚಿತ್ರ ನೀವೇ ಕೈಯಲ್ಲಿ ಬಿಡಿಸಿ. ಒಂಟಿ ಜೋಡಿ ಯಾವ ಕಡೆಗಿದೆ ಅನ್ನುವುದು ಕಾಣಬೇಕು. ತಿದ್ದಿದ ಮೇಲೆ ನನಗೇ ಕಳಿಸಿ, ಖಂಡಿತ ಓದುತ್ತೇನೆ.