ಹಳೆ ಬೈಕಿನ ಮ್ಯಾಗ್ನೀಸಿಯಂ ಚಕ್ರದ ಬಣ್ಣ ಗುಳ್ಳೆ ಏಳುತ್ತಿದೆ. ಹುಬ್ಬಳ್ಳಿಯಲ್ಲಿ ಮತ್ತೆ ಬಣ್ಣ ಹೊಡೆಸುವುದು ಹೇಗೆ?

ತೇವ ಒಳಗೆ ಇಳಿದರೆ ಮ್ಯಾಗ್ನೀಸಿಯಂ ಬಿಳಿ ಪುಡಿ ಕಟ್ಟುತ್ತದೆ, ಅದೇ ಬಣ್ಣವನ್ನು ಎಬ್ಬಿಸುತ್ತದೆ. ಮೇಲೆ ಸುಮ್ನೆ ಹೊಸ ಬಣ್ಣ ಹೊಡೆದರೆ ನಿಲ್ಲುವುದಿಲ್ಲ. ಹಳೆಯದನ್ನು ಪೂರ್ತಿ ತೆಗೆದು ಕ್ರೋಮೇಟ್ ಲೇಪನ (ಲೋಹ ಸವೆಯದಂತೆ ತಡೆಯುವ ರಾಸಾಯನಿಕ ಪದರ), ಅದರ ಮೇಲೆ ಎಪಾಕ್ಸಿ ಪ್ರೈಮರ್ (ಬಣ್ಣ ಹಿಡಿದು ನಿಲ್ಲಲು ಹಚ್ಚುವ ಗಟ್ಟಿ ಅಡಿಪದರ), ಆಮೇಲೆ ಬಣ್ಣ.

ಗೋಕುಲ ರಸ್ತೆ ಕಡೆಯ ವರ್ಕ್‌ಶಾಪಿಗೆ ಕೊಡುವಾಗ ಇದು ಅಲ್ಯೂಮಿನಿಯಂ ಅಲ್ಲ ಅಂತ ಮೊದಲೇ ಹೇಳಿ. ಸಾಮಾನ್ಯ ಬೈಕುಗಳ ಅಲಾಯ್ ಚಕ್ರ ಅಲ್ಯೂಮಿನಿಯಂ ಅಲ್ವಾ, ಹಾಗೇ ಅಂದುಕೊಂಡು ಆಸಿಡ್ ಹಾಕಿದರೆ ಚಕ್ರವೇ ಹಾಳು. ಕಬ್ಬಿಣದ ವೈರ್ ಬ್ರಷ್ ಕೂಡ ಬೇಡ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಉಜ್ಜುವಾಗ ಉದುರುವ ಮ್ಯಾಗ್ನೀಸಿಯಂ ಪುಡಿಗೆ ಒಂದು ಕಿಡಿ ಸಾಕು. ನೀರು ಹಾಕಿದರೆ ಇನ್ನೂ ಜಾಸ್ತಿ ಉರಿಯುತ್ತದೆ, ಒಣ ಮರಳು ಪಕ್ಕದಲ್ಲೇ ಇರಲಿ. ಬೇರಿಂಗ್ ಕೂರುವ ಜಾಗಕ್ಕೆ ಬಣ್ಣ ತಾಗಬಾರದು. ಬಿರುಕು ಕಂಡರೆ ಆ ಚಕ್ರ ಓಡಿಸಲೇಬೇಡಿ.