ಸ್ವಿಚ್ ಶೇ. 60ರಲ್ಲೇ ನಿಲ್ಲುವುದೇಕೆ?

ತಮ್ಮ 16 ಪೋರ್ಟಿನ ಕ್ರಾಸ್‌ಬಾರ್ ಸ್ವಿಚ್‌ನ (ಯಾವುದೇ ಇನ್‌ಪುಟ್‌ಗೆ ಬಂದ ಪ್ಯಾಕೆಟ್ಟನ್ನು, ಅಂದರೆ ಡೇಟಾ ತುಣುಕನ್ನು, ಯಾವುದೇ ಔಟ್‌ಪುಟ್‌ಗೆ ದಾಟಿಸುವ ನೆಟ್‌ವರ್ಕ್ ಸಾಧನದ) ಸಿಮ್ಯುಲೇಶನ್‌ನಲ್ಲಿ ಸಾಗಣೆಯ ಪ್ರಮಾಣ ಪೂರ್ಣ ಸಾಮರ್ಥ್ಯದ ಶೇ. 60ರ ಆಸುಪಾಸಿನಲ್ಲೇ ನಿಲ್ಲುತ್ತಿರುವುದು ಕೋಡಿನ ತಪ್ಪಲ್ಲ. ತಾವು ಪ್ರತಿ ಇನ್‌ಪುಟ್‌ಗೆ ಒಂದೇ ಸರತಿ ಇಟ್ಟಿದ್ದೀರಿ. ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಬಲಕ್ಕೆ ಹೊರಳಬೇಕಾದ ಬಸ್ಸು ಮುಂದೆ ನಿಂತರೆ, ಎಡಗಡೆಯ ರಸ್ತೆ ಖಾಲಿಯಿದ್ದರೂ ಹಿಂದಿನ ರಿಕ್ಷಾ ಕದಲಲಾರದಂತೆ, ಸಾಲಿನ ತಲೆಯಲ್ಲಿರುವ ಪ್ಯಾಕೆಟ್ ತನ್ನ ಔಟ್‌ಪುಟ್‌ಗಾಗಿ ಕಾಯುವಾಗ ಹಿಂದಿನವೆಲ್ಲ ಸಿಕ್ಕಿಬೀಳುತ್ತವೆ. ಪೋರ್ಟುಗಳು ಹೆಚ್ಚಿದಂತೆ, ಸಮನಾಗಿ ಹಂಚಿದ ಯಾದೃಚ್ಛಿಕ ಸಂಚಾರದಲ್ಲಿ ಈ ಮಿತಿ ಶೇ. 58.6ರತ್ತ ಇಳಿಯುತ್ತದೆಂಬುದು 1987ರಲ್ಲೇ ಪ್ರಕಟವಾದ ಲೆಕ್ಕ. ಔಟ್‌ಪುಟ್ ಬಫರಿಂಗ್ (ಪ್ಯಾಕೆಟ್‌ಗಳನ್ನು ಔಟ್‌ಪುಟ್ ಬದಿಯಲ್ಲೇ ಕಾಯಿಸುವುದು) ಸರಳವೆನಿಸಿದರೂ ಮೆಮೊರಿಯಿಂದ ಸುಮಾರು 16 ಪಟ್ಟು ವೇಗ ಬೇಡುತ್ತದೆ. ಆದ್ದರಿಂದ ಪ್ರತಿ ಇನ್‌ಪುಟ್‌ನಲ್ಲಿ ಔಟ್‌ಪುಟ್‌ಗೆ ಒಂದರಂತೆ 16 ವರ್ಚುವಲ್ ಔಟ್‌ಪುಟ್ ಸರತಿಗಳನ್ನು (ಒಟ್ಟು 256) ಇರಿಸಿ, ಯಾವ ಇನ್‌ಪುಟ್ ಯಾವ ಔಟ್‌ಪುಟ್‌ಗೆ ಕಳಿಸಬೇಕೆಂದು ಸುತ್ತು ಸುತ್ತಾಗಿ ನಿರ್ಧರಿಸುವ ಐಸ್ಲಿಪ್ ಶೆಡ್ಯೂಲರ್ ಜೋಡಿಸಿರಿ. ಔಟ್‌ಪುಟ್ ಮೊದಲು ಯಾವ ಇನ್‌ಪುಟ್‌ಗೆ ಅನುಮತಿ (ಗ್ರಾಂಟ್) ಕೊಡಬೇಕೆಂದು ತೋರುವ ಗ್ರಾಂಟ್ ಪಾಯಿಂಟರನ್ನು ಮೊದಲ ಸುತ್ತಿನಲ್ಲಿ, ಅದೂ ಗ್ರಾಂಟ್ ಸ್ವೀಕೃತವಾದಾಗ ಮಾತ್ರ ಮುಂದಕ್ಕೆ ಸರಿಸಬೇಕು. ಬಹುತೇಕರು ಎಡವುವುದು ಇಲ್ಲಿಯೇ.