ಇದು ದೇವರ ಶಿಕ್ಷೆಯೇ? ಸಂಪಾದಕರ ಉತ್ತರ

ಪ್ರಿಯ ಸಹೋದರಿ,

“ಯಜಮಾನರ ಕೆಲಸ ಹೋಯಿತು. ಅದರ ಬೆನ್ನಿಗೇ ನನಗೆ ಕಾಯಿಲೆ. ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಬೈಬಲ್‌ನ ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ತೋರಿಸಿ, ಇದು ದೇವರ ಶಿಕ್ಷೆ, ಯಾವುದೋ ಮುಚ್ಚಿಟ್ಟ ಪಾಪ ಇರಬೇಕು ಎಂದರು. ಹುಡುಕಿ ಹುಡುಕಿ ಸಾಕಾಗಿದೆ. ಈಗ ಪ್ರಾರ್ಥನೆಯೂ ಬರುತ್ತಿಲ್ಲ” ಎಂದು ಬರೆದಿದ್ದೀರಿ.

ಆ ಅಧ್ಯಾಯ ಯಾರಿಗೆ ಬರೆದದ್ದು ಅಂತ ನೋಡೋಣ. ಸ್ವಲ್ಪ ಹಿಂದೆ, 10ನೇ ಅಧ್ಯಾಯದ 32ರಿಂದ 34ನೇ ವಚನಗಳಲ್ಲಿ, ಅವರ ಕಥೆ ಇದೆ. ನಂಬಿಕೆಗಾಗಿ ಜನರ ಮುಂದೆ ಅವಮಾನ ಪಟ್ಟವರು. ಆಸ್ತಿ ಕಳೆದುಕೊಂಡವರು. ಸೆರೆಯಲ್ಲಿದ್ದವರ ಕೈಬಿಡದವರು. ಅಂಥವರಿಗೆ, ದೇವರು ತಾನು ಪ್ರೀತಿಸುವವರನ್ನೇ ತಿದ್ದುತ್ತಾನೆ ಎಂಬ ಜ್ಞಾನೋಕ್ತಿ ಪುಸ್ತಕದ 3ನೇ ಅಧ್ಯಾಯದ ಮಾತನ್ನು ನೆನಪಿಸಿ, ದೇವರು ನಿಮ್ಮನ್ನು ಮಕ್ಕಳಂತೆ ನಡೆಸುತ್ತಿದ್ದಾನೆ ಎನ್ನುತ್ತದೆ ಪತ್ರಿಕೆ. ದಣಿದವರಿಗೆ ಧೈರ್ಯ ತುಂಬಲು ಬರೆದ ಮಾತನ್ನು ದಣಿದವರ ಮೇಲೆ ಆರೋಪ ಹೊರಿಸಲು ಬಳಸುವುದು ಅನ್ಯಾಯ. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ.

ತಪ್ಪಿಲ್ಲದೆಯೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರೂ ಹೀಗೇ ಮಾಡಿದರು. ಮೊದಲ ಏಳು ದಿನ ಅವನ ಜೊತೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ್ದರಲ್ಲಿ ಅದೇ ಒಳ್ಳೆಯದು. ಆಮೇಲೆ ಬಾಯಿಬಿಟ್ಟು ಅವನ ಪಾಪ ಹುಡುಕತೊಡಗಿದರು. ಕೊನೆಗೆ ದೇವರ ಕೋಪ ಬಂದದ್ದು ಆ ಗೆಳೆಯರ ಮೇಲೆ. ಹುಟ್ಟು ಕುರುಡನನ್ನು ಕಂಡು ಶಿಷ್ಯರು “ಯಾರ ಪಾಪ?” ಎಂದು ಕೇಳಿದಾಗಲೂ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಎಂದ.

ಹಾಗಾದರೆ ದೇವರು ಪಾಪಕ್ಕಾಗಿ ಎಂದೂ ತಿದ್ದುವುದಿಲ್ಲವೇ? ತಿದ್ದುತ್ತಾನೆ. ಆದರೆ ಪರರ ಹೆಂಡತಿಯನ್ನು ತೆಗೆದುಕೊಂಡು ಅವಳ ಗಂಡನನ್ನು ಕೊಲ್ಲಿಸಿದ ದಾವೀದ ರಾಜನ ವಿಷಯ ನೋಡಿ. ಪ್ರವಾದಿ ನಾತಾನ ಬಂದು, ನೀನು ಮಾಡಿದ್ದು ಇದು ಎಂದು ನೇರವಾಗಿ ಹೇಳಿದ. ಊಹಿಸುತ್ತಾ ಕೂತಿರು ಎನ್ನಲಿಲ್ಲ. ನಿಮ್ಮ ಮನಸ್ಸಾಕ್ಷಿಗೆ ಸ್ಪಷ್ಟವಾಗಿ ಗೊತ್ತಿರುವ ತಪ್ಪೊಂದು ಇದ್ದರೆ ದೇವರ ಮುಂದೆ ಹೇಳಿ, ಸರಿಪಡಿಸಿ, ಅಲ್ಲಿಗೆ ಬಿಡಿ. ಹೆಸರಿಲ್ಲದ ಭಯವನ್ನು ಸುಮ್ನೆ ದೇವರ ದನಿ ಎಂದುಕೊಳ್ಳಬೇಡಿ.

12ನೇ ಅಧ್ಯಾಯ ಕೇಳುವುದು ಎರಡೇ: ದೇವರ ತಿದ್ದುವಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡ, ಧೈರ್ಯ ಕಳೆದುಕೊಳ್ಳಬೇಡ. ಅದು ಆ ಹೊತ್ತಿಗೆ ದುಃಖವೇ ಎಂದು 11ನೇ ವಚನ ತಾನೇ ಒಪ್ಪುತ್ತದೆ. ಹಾಗಾಗಿ ನಗುಮುಖ ಹಾಕಿಕೊಳ್ಳುವ ಅಗತ್ಯ ನಿಮಗಿಲ್ಲ. ಚಿಕಿತ್ಸೆ ನಿಲ್ಲಿಸಬೇಡಿ. ವಾಸಿಮಾಡು ಎಂದು ಬೇಡುವುದು ಅವಿಧೇಯತೆಯಲ್ಲ. ತನ್ನನ್ನು ಕಾಡುತ್ತಿದ್ದ ಬಾಧೆಯನ್ನು “ಶರೀರದ ಮುಳ್ಳು” ಎಂದು ಕರೆದ ಅಪೊಸ್ತಲ ಪೌಲ, ಅದನ್ನು ತೆಗೆ ಎಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಬೇಡಿದ್ದಕ್ಕೆ ಬೈಗುಳವಂತೂ ಬರಲಿಲ್ಲ, ಅಲ್ವಾ?

ಪ್ರಾರ್ಥನೆಗೆ ಮಾತು ಸಿಗದಿದ್ದರೆ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಕೊನೆಯಲ್ಲೊಂದು ಸ್ತೋತ್ರ ಸೇರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅದೂ ಬೈಬಲ್‌ನಲ್ಲಿರುವ ಪ್ರಾರ್ಥನೆಯೇ.

ಜೋತುಬಿದ್ದ ಕೈಗಳನ್ನು ಎತ್ತಿರಿ, ಕುಂಟುವವರಿಗೆ ದಾರಿ ಸಮ ಮಾಡಿರಿ ಎಂದು ಅದೇ ಅಧ್ಯಾಯ ಮುಂದೆ ಹೇಳುತ್ತದೆ. ಅದು ಇಡೀ ಸಭೆಗೆ ಕೊಟ್ಟ ಕೆಲಸ. ಆ ಹಿರಿಯರು ಮತ್ತೆ ಬಂದರೆ ಈ ವಚನಗಳನ್ನು ಒಟ್ಟಿಗೆ ಓದಿ. ಮುಂದಿನ ಸಲ ಆಸ್ಪತ್ರೆಗೆ ಜೊತೆಗೆ ಬರುತ್ತೀರಾ ಎಂದು ಕೇಳಿ.